ಹಳೆಯ ಕಾರಿಗೆ ನ್ಯಾಯವಾದ ಬೆಲೆ ಯಾವುದು?

ವಸ್ತು ಹಳೆಯದಾದಂತೆ ಅದರ ಬೆಲೆ ಇಳಿಯುತ್ತದೆ. ಇದು ನಾವೆಲ್ಲ ಬಲ್ಲ ಸಂಗತಿ. ಮನೆಯ ಸ್ಕೂಟರನ್ನು ಹತ್ತು ವರ್ಷ ಓಡಿಸಿ ಮಾರಲು ಹೋದರೆ ಕೊಂಡ ಬೆಲೆಯ ಒಂದು ಪಾಲು ಮಾತ್ರ ಕೈಗೆ ಬರುತ್ತದೆ. ಕಾರಿನ ವಿಷಯವೂ ಸಾಮಾನ್ಯವಾಗಿ ಹೀಗೆಯೇ. ಆದರೆ ಕೆಲವೇ ಕೆಲವು ಕಾರುಗಳ ಬೆಲೆ ಇಳಿದು, ಒಂದು ಹಂತದಲ್ಲಿ ನಿಂತು, ಮತ್ತೆ ಏರತೊಡಗುತ್ತದೆ. ಕೊನೆಗೆ ಅವು ಹೊಸದಾಗಿದ್ದಾಗಿನ ಬೆಲೆಯನ್ನೂ ದಾಟಿಹೋಗುತ್ತವೆ. ಇಂಥವನ್ನು ಜನ ನಿತ್ಯದ ಓಡಾಟಕ್ಕೆಂದು ಕೊಳ್ಳುವುದಿಲ್ಲ, ಸಂಗ್ರಹಕ್ಕೆಂದು ಕೊಳ್ಳುತ್ತಾರೆ. ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು.

ಇಂಥ ಒಂದು ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಳ್ಳಲು ಹೊರಟವರು ಎಷ್ಟು ಹಣ ಕೊಟ್ಟರೆ ನ್ಯಾಯ? ಅದರ ಮೇಲೆ ಅಚ್ಚಾದ ಬೆಲೆ ಇರುವುದಿಲ್ಲ. ಅದನ್ನು ತಯಾರಿಸಿದ ಕಾರ್ಖಾನೆ ಇಂದು ಅದನ್ನು ಮಾರುವುದಿಲ್ಲ. ಒಂದೇ ಹೆಸರಿನ, ಒಂದೇ ವರ್ಷದ ಎರಡು ಕಾರುಗಳಲ್ಲಿ ಒಂದರ ಬೆಲೆ ಇನ್ನೊಂದರ ಎರಡರಷ್ಟಿರಬಹುದು. ಈ ಪ್ರಶ್ನೆಯನ್ನು ಬಿಡಿಸುವುದು ಹೇಗೆ ಎಂಬುದೇ ಇಂದಿನ ನಮ್ಮ ವಿಷಯ. ನೀವು ಇಂಥ ಕಾರನ್ನು ಎಂದೂ ಕೊಳ್ಳದೇ ಇರಬಹುದು. ಆದರೂ ಇದನ್ನು ಅರಿತರೆ, ಮುಂದೆ ಸೆಕೆಂಡ್ ಹ್ಯಾಂಡ್ ಬೈಕನ್ನೋ, ಹಳೆಯ ಮನೆಯನ್ನೋ ಕೊಳ್ಳುವಾಗ ನಿಮ್ಮ ಕಣ್ಣು ಇನ್ನಷ್ಟು ಚುರುಕಾಗಿರುತ್ತದೆ.

ಉದಾಹರಣೆಗಾಗಿ ಒಂದು ಕಾರನ್ನು ಆರಿಸಿಕೊಳ್ಳೋಣ. ಅದು ಇಂಗ್ಲೆಂಡಿನ ಜಾಗ್ವಾರ್ ಇ-ಟೈಪ್. 1961ರ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನದ ಕಾಲಕ್ಕೆ ಇದು ಮೊದಲು ಜನರ ಕಣ್ಣಿಗೆ ಬಿತ್ತು. ಇದರ ಉದ್ದನೆಯ ಮೈಕಟ್ಟನ್ನು ರೂಪಿಸಿದವರು ಮಾಲ್ಕಮ್ ಸೇಯರ್. ವಿಮಾನದ ಕಾರ್ಖಾನೆಯಲ್ಲಿ ದುಡಿದು ಬಂದ ತಂತ್ರಜ್ಞರು. ಗಂಟೆಗೆ 150 ಮೈಲಿ ವೇಗದ ಕಾರು ಎಂದು ಕಂಪನಿ ಸಾರಿತು. ಆಗ ಇಂಗ್ಲೆಂಡಿನಲ್ಲಿ ತೆರಿಗೆ ಸೇರಿ ಇದರ ಬೆಲೆ ಸುಮಾರು 2,100 ಪೌಂಡ್. 1974ರವರೆಗೆ ಕವೆಂಟ್ರಿ ನಗರದಲ್ಲಿ 72 ಸಾವಿರಕ್ಕೂ ಹೆಚ್ಚು ಕಾರುಗಳು ತಯಾರಾದವು. ಅದೇ ಜಾಗ್ವಾರ್ ಕಂಪನಿಯನ್ನು 2008ರಲ್ಲಿ ನಮ್ಮ ಟಾಟಾ ಮೋಟಾರ್ಸ್ ಕೊಂಡಿತು ಎಂಬುದು ನಿಮಗೆ ತಿಳಿದಿರಬಹುದು.

ನ್ಯಾಯವಾದ ಬೆಲೆ ಎಂದರೇನು?

ಮಾರುವವರು ಹೇಳಿದ್ದೇ ಬೆಲೆಯೇ? ಕೊಳ್ಳುವವರು ಜಗ್ಗಾಡಿ ಇಳಿಸಿದ್ದು ಬೆಲೆಯೇ? ಇಬ್ಬರೂ ಒಪ್ಪಿದರೆ ಅದೇ ನ್ಯಾಯ ಎನ್ನುವವರಿದ್ದಾರೆ. ಆದರೆ ಒಬ್ಬರಿಗೆ ಗೊತ್ತಿರುವ ವಿಷಯ ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ ಆ ಒಪ್ಪಿಗೆಗೆ ಅರ್ಥವೇನು? ಆದ್ದರಿಂದ ನಾವು ಹೀಗೆ ಹೇಳಬಹುದು: ಆ ವಸ್ತುವಿನ ಬಗ್ಗೆ ಇಬ್ಬರಿಗೂ ಒಂದೇ ಸಮನಾದ ತಿಳಿವಳಿಕೆ ಇದ್ದು, ಇಬ್ಬರಿಗೂ ಅವಸರವಿಲ್ಲದಿದ್ದಾಗ ಅವರು ಯಾವ ಬೆಲೆಗೆ ಒಪ್ಪುತ್ತಿದ್ದರೋ ಅದೇ ನ್ಯಾಯವಾದ ಬೆಲೆ.

ತಿಳಿವಳಿಕೆ ಸಮನಾಗಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಒಂದು ಪ್ರಬಂಧದಲ್ಲಿ ತೋರಿಸಿಕೊಟ್ಟರು. ಅವರು ಆರಿಸಿಕೊಂಡ ಉದಾಹರಣೆಯೂ ಹಳೆಯ ಕಾರುಗಳ ಮಾರುಕಟ್ಟೆಯೇ. ಅಮೆರಿಕದ ಆಡುಮಾತಿನಲ್ಲಿ ಕೆಟ್ಟ ಕಾರಿಗೆ ‘ಲೆಮನ್’, ಅಂದರೆ ನಿಂಬೆಹಣ್ಣು ಎಂದು ಹೆಸರು. ಅವರ ವಾದವನ್ನು ಒಂದು ಚಿಕ್ಕ ಲೆಕ್ಕದಿಂದ ತಿಳಿಯಬಹುದು. ಮಾರುಕಟ್ಟೆಯಲ್ಲಿ ಅರ್ಧ ಒಳ್ಳೆಯ ಕಾರುಗಳು, ಅವುಗಳ ಯೋಗ್ಯತೆ 100. ಉಳಿದರ್ಧ ಕೆಟ್ಟವು, ಅವುಗಳ ಯೋಗ್ಯತೆ 40. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ. ಹಾಗಿದ್ದಾಗ ಕೊಳ್ಳುವವರು ಸರಾಸರಿ ಹಿಡಿದು 70 ಕೊಡಲು ಮುಂದಾಗುತ್ತಾರೆ. ಒಳ್ಳೆಯ ಕಾರಿನ ಒಡೆಯರು ‘ಎಪ್ಪತ್ತಕ್ಕೆ ನಾನೇಕೆ ಮಾರಲಿ?’ ಎಂದು ಮನೆಗೆ ಹಿಂದಿರುಗುತ್ತಾರೆ. ಕೊನೆಗೆ ಮಾರುಕಟ್ಟೆಯಲ್ಲಿ ಉಳಿಯುವುದು ಕೆಟ್ಟ ಕಾರುಗಳೇ. ಸುಳ್ಳು ಹೇಳಿದವರು ಒಬ್ಬರಾದರೆ ಅದರ ದಂಡವನ್ನು ಪ್ರಾಮಾಣಿಕರೂ ತೆರಬೇಕಾಗುತ್ತದೆ. ಮೊದಲು ಮೂರು ಪತ್ರಿಕೆಗಳು ತಿರಸ್ಕರಿಸಿದ್ದ ಈ ಪ್ರಬಂಧದ ವಿಚಾರಕ್ಕಾಗಿಯೇ ಅಕರ್ಲಾಫ್ 2001ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ಪಡೆದರು.

ಹಾಗಾದರೆ ಬೆಲೆ ಕಟ್ಟುವ ಕೆಲಸವೆಂದರೆ ಮುಖ್ಯವಾಗಿ ತಿಳಿದುಕೊಳ್ಳುವ ಕೆಲಸ. ಜಗ್ಗಾಟ ಕೊನೆಯ ಮಾತು. ತಿಳಿದುಕೊಳ್ಳಬೇಕಾದ್ದನ್ನು ಒಂದೊಂದಾಗಿ ನೋಡೋಣ.

ಇದು ಯಾವ ಕಾರು?

ಮೊದಲನೆಯದಾಗಿ, ನಿಮ್ಮ ಮುಂದೆ ಇರುವುದು ನಿಖರವಾಗಿ ಯಾವ ಕಾರು ಎಂದು ಗೊತ್ತುಮಾಡಿಕೊಳ್ಳಬೇಕು. ‘ಇ-ಟೈಪ್’ ಎಂದರೆ ಸಾಲದು. 1961ರಿಂದ 1968ರವರೆಗಿನವು ಮೊದಲ ಶ್ರೇಣಿಯವು. ಇವುಗಳಲ್ಲಿ ಮೊದಲು 3.8 ಲೀಟರ್ ಇಂಜಿನ್ ಇತ್ತು, 1964ರಲ್ಲಿ 4.2 ಲೀಟರ್ ಇಂಜಿನ್ ಬಂತು. 1968ರಿಂದ ಎರಡನೆಯ ಶ್ರೇಣಿ. ಅಮೆರಿಕದ ಸುರಕ್ಷತೆಯ ನಿಯಮಗಳಿಗೆ ಹೊಂದಿಸಲು ದೀಪ, ಬಂಪರ್‌ಗಳು ಬದಲಾದ್ದರಿಂದ ಹಳೆಯ ಅಂದ ಕೊಂಚ ಕಡಿಮೆಯಾಯಿತು ಎಂಬುದು ಸಂಗ್ರಾಹಕರ ಅಭಿಪ್ರಾಯ. 1971ರಿಂದ 1974ರವರೆಗಿನ ಮೂರನೆಯ ಶ್ರೇಣಿಯಲ್ಲಿ ಹನ್ನೆರಡು ಸಿಲಿಂಡರುಗಳ 5.3 ಲೀಟರ್ ಇಂಜಿನ್. ಇವುಗಳಲ್ಲೂ ಮೇಲ್ಛಾವಣಿ ತೆರೆಯುವ ಕಾರು ಬೇರೆ, ಗಟ್ಟಿ ಛಾವಣಿಯ ಕಾರು ಬೇರೆ, 1966ರಲ್ಲಿ ಬಂದ ನಾಲ್ಕು ಸೀಟಿನ ಕಾರು ಬೇರೆ. ಮೊದಲ ಶ್ರೇಣಿಯ ತೆರೆದ ಕಾರಿಗೆ ಸಾಮಾನ್ಯವಾಗಿ ಹೆಚ್ಚು ಬೆಲೆ. ನಾಲ್ಕು ಸೀಟಿನದಕ್ಕೆ ಕಡಿಮೆ. ಇದನ್ನು ಅರಿಯದೆ ಒಂದರ ಬೆಲೆಯನ್ನು ಇನ್ನೊಂದಕ್ಕೆ ಹೋಲಿಸಿದರೆ ಆಕಳಿನ ಬೆಲೆಯನ್ನು ಎಮ್ಮೆಗೆ ಕಟ್ಟಿದಂತೆ.

ಎರಡನೆಯದಾಗಿ, ಅದೇ ಬಗೆಯ ಕಾರುಗಳು ಇತ್ತೀಚೆಗೆ ಎಷ್ಟಕ್ಕೆ ಮಾರಾಟವಾಗಿವೆ ಎಂದು ನೋಡಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಜಾಹೀರಾತಿನಲ್ಲಿ ಕಾಣುವ ಬೆಲೆ ಮಾರುವವರ ಆಸೆ. ಹಣ ಕೈ ಬದಲಾಯಿಸಿದ ಬೆಲೆ ಮಾತ್ರ ಸಾಕ್ಷಿ. ದೊಡ್ಡ ಹರಾಜು ಸಂಸ್ಥೆಗಳು ತಮ್ಮ ಮಾರಾಟದ ಬೆಲೆಗಳನ್ನು ಪ್ರಕಟಿಸುತ್ತವೆ. ಆದರೆ ಹಾಗೆ ಪ್ರಕಟವಾದ ಬೆಲೆಯಲ್ಲಿ ಕೊಂಡವರು ಹರಾಜು ಸಂಸ್ಥೆಗೆ ತೆರುವ ಕಮಿಷನ್ ಕೂಡ ಸೇರಿರುವುದು ವಾಡಿಕೆ. 2018ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ 1962ರ ಒಂದು ಫೆರಾರಿ 250 ಜಿಟಿಒ ಕಾರು 4 ಕೋಟಿ 84 ಲಕ್ಷ ಡಾಲರಿಗೆ ಮಾರಾಟವಾಯಿತೆಂದು ಸುದ್ದಿಯಾಯಿತು. ಸುತ್ತಿಗೆ ಬಿದ್ದದ್ದು 4 ಕೋಟಿ 40 ಲಕ್ಷಕ್ಕೆ, ಉಳಿದದ್ದು ಕಮಿಷನ್. ಎರಡು ಬೆಲೆಗಳನ್ನು ಹೋಲಿಸುವಾಗ ಎರಡರಲ್ಲೂ ಒಂದೇ ಬಗೆಯ ಲೆಕ್ಕವಿದೆಯೇ ಎಂದು ನೋಡದಿದ್ದರೆ ತೀರ್ಮಾನವೇ ತಪ್ಪುತ್ತದೆ.

ಕಾರಿನ ಜೊತೆಗೆ ಕಾಗದವೂ ಬೇಕು

ಮೂರನೆಯದು, ಅಸಲಿತನ. ಸಂಗ್ರಹದ ವಸ್ತುವಿಗೆ ಇದೇ ಪ್ರಾಣ. ಪ್ರತಿ ಇ-ಟೈಪಿಗೂ ಕಾರ್ಖಾನೆಯಲ್ಲೇ ಚಾಸಿಸ್, ಇಂಜಿನ್, ಬಾಡಿ ಮತ್ತು ಗೇರ್‌ಬಾಕ್ಸ್‌ಗಳ ನಂಬರುಗಳನ್ನು ಕೊಡಲಾಗಿತ್ತು. ಇವು ಒಂದು ತಗಡಿನ ಮೇಲೆ ಅಚ್ಚಾಗಿರುತ್ತವೆ. ಆಯಾ ಭಾಗಗಳ ಮೇಲೂ ಒತ್ತಿರುತ್ತವೆ. ಆ ಕಾರು ಯಾವ ದಿನ ತಯಾರಾಯಿತು, ಯಾವ ಬಣ್ಣದ್ದಾಗಿತ್ತು, ಯಾವ ಊರಿಗೆ ಹೋಯಿತು ಎಂಬ ವಿವರಗಳನ್ನು ಹಳೆಯ ದಾಖಲೆಗಳಿಂದ ತೆಗೆದು ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಪ್ರಮಾಣಪತ್ರ ಕೊಡುತ್ತದೆ. ಕಾರಿನ ಮೇಲಿನ ನಂಬರಿಗೂ ಪ್ರಮಾಣಪತ್ರದ ನಂಬರಿಗೂ ತಾಳೆಯಾದರೆ ಬೆಲೆ ಹೆಚ್ಚು. ಇಂಜಿನ್ ಬದಲಾಗಿದ್ದರೆ ಕಾರು ಚೆನ್ನಾಗಿಯೇ ಓಡಬಹುದು, ಆದರೂ ಬೆಲೆ ಇಳಿಯುತ್ತದೆ.

‘ಇದು ಬಹಳ ಕಡಿಮೆ ಓಡಿದ ಕಾರು’ ಎಂಬ ಮಾತನ್ನು ನೀವು ಎಲ್ಲೆಡೆ ಕೇಳುತ್ತೀರಿ. ಆ ಕಾಲದ ಬಹುತೇಕ ಕಾರುಗಳ ಮೈಲಿ ಮಾಪಕದಲ್ಲಿ ಐದೇ ಅಂಕಿಗಳು. 99,999 ಆದ ಮೇಲೆ ಅದು ಮತ್ತೆ ಸೊನ್ನೆಗೆ ಬರುತ್ತದೆ. ಹಾಗಾಗಿ ಮಾಪಕದಲ್ಲಿ 30 ಸಾವಿರ ಎಂದಿದ್ದರೆ ಅದು ಒಂದು ಲಕ್ಷದ 30 ಸಾವಿರವೂ ಆಗಿರಬಹುದು. ಬ್ರಿಟನ್ನಿನಲ್ಲಿ 1960ರಿಂದ ಹಳೆಯ ವಾಹನಗಳಿಗೆ ಕಡ್ಡಾಯ ತಪಾಸಣೆ ಇದೆ. ಅದರ ಪತ್ರಗಳಲ್ಲಿ ಆಗಿನ ಮೈಲಿ ಸಂಖ್ಯೆ ದಾಖಲಾಗಿರುವುದುಂಟು. ಅಂಥ ಹಳೆಯ ಪತ್ರಗಳ ಕಟ್ಟೊಂದನ್ನು ಕಾರಿನ ಒಡೆಯರು ಜೋಪಾನವಾಗಿ ಇಟ್ಟಿದ್ದರೆ ಅದಕ್ಕೂ ಬೆಲೆಯುಂಟು. ಆದ್ದರಿಂದಲೇ ಸಂಗ್ರಾಹಕರು ಕಾರಿನ ಬಾಗಿಲು ತೆರೆಯುವ ಮೊದಲು ಕಡತ ತೆರೆಯುತ್ತಾರೆ.

ಅಸಲಿ ಎಂದರೆ ಎಷ್ಟು ಅಸಲಿ? ಈ ಪ್ರಶ್ನೆ 1990ರಲ್ಲಿ ಇಂಗ್ಲೆಂಡಿನ ಹೈಕೋರ್ಟಿನವರೆಗೂ ಹೋಯಿತು. ‘ಓಲ್ಡ್ ನಂಬರ್ ಒನ್’ ಎಂಬ ಹೆಸರಿನ ಬೆಂಟ್ಲಿ ಕಾರು 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ ಓಟವನ್ನು ಗೆದ್ದಿತ್ತು. ಆಮೇಲೆ ಅದನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟಿದ್ದರು. ಇಂಜಿನ್ ಕೂಡ ಬದಲಾಗಿತ್ತು. ಅದನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು, ‘ಇದು ಆ ಕಾರೇ ಅಲ್ಲ’ ಎಂದು ಹಿಂದೆ ಸರಿದರು. ನ್ಯಾಯಾಧೀಶರು ಕಾರಿನ ಇತಿಹಾಸವನ್ನೆಲ್ಲ ಕೇಳಿ, ಭಾಗಗಳು ಬದಲಾದರೂ ಕಾರಿನ ಬದುಕು ನಡುವೆ ಎಲ್ಲೂ ಕಡಿದಿಲ್ಲ, ಆದ್ದರಿಂದ ಅದು ಆ ಹೆಸರಿಗೆ ಅರ್ಹ ಎಂದು ತೀರ್ಪು ಕೊಟ್ಟರು. ಇದಕ್ಕೆ ಎದುರಾದ ಉದಾಹರಣೆಯೂ ಉಂಟು. ಜಾಗ್ವಾರ್ ಕಂಪನಿ 1963ರಲ್ಲಿ ಓಟದ ಸ್ಪರ್ಧೆಗಾಗಿ ಅಲ್ಯೂಮಿನಿಯಂ ಮೈಯ 18 ಹಗುರ ಇ-ಟೈಪ್‌ಗಳನ್ನು ಯೋಜಿಸಿ, 12ನ್ನು ಮಾತ್ರ ಕಟ್ಟಿತು. ಬಾಕಿ ಉಳಿದ 6 ನಂಬರುಗಳ ಕಾರುಗಳನ್ನು 2014ರಲ್ಲಿ ಕಟ್ಟಲು ಹೊರಟಿತು. ಅದೇ ಕಂಪನಿ, ಅದೇ ವಿನ್ಯಾಸ. ಆದರೆ ಮೂಲದ 12ರಲ್ಲಿ ಒಂದು 2017ರ ಹರಾಜಿನಲ್ಲಿ 70 ಲಕ್ಷ ಡಾಲರಿಗೂ ಹೆಚ್ಚು ಬೆಲೆ ಪಡೆಯಿತು. ಹೊಸತಾಗಿ ಕಟ್ಟಿದವುಗಳ ಬೆಲೆ ಅದರ ಹತ್ತಿರಕ್ಕೂ ಬರುವುದಿಲ್ಲ. ಸಂಗ್ರಾಹಕರು ಹಣ ಕೊಡುವುದು ಲೋಹಕ್ಕಲ್ಲ, ಆ ಲೋಹ ಬದುಕಿದ ಬದುಕಿಗೆ.

ಬೆಳ್ಳಗಿರುವುದೆಲ್ಲ ಹಾಲಲ್ಲ

ನಾಲ್ಕನೆಯದು, ಕಾರಿನ ಸ್ಥಿತಿ. ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಕೊಂಬಿನ ಬಣ್ಣ ನೋಡಿ ಮರುಳಾಗುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಹಳೆಯ ಕಾರಿನ ಹಲ್ಲು ಇರುವುದು ಅದರ ಕೆಳಮೈಯಲ್ಲಿ. ಇ-ಟೈಪಿನ ನಡುಭಾಗ ತೆಳು ಉಕ್ಕಿನ ಹಾಳೆಗಳನ್ನು ಬೆಸೆದು ಮಾಡಿದ್ದು. ಬಾಗಿಲ ಕೆಳಗಿನ ಪಟ್ಟಿಗಳು ಮತ್ತು ನೆಲದ ತಗಡು ಇಡೀ ಕಾರಿನ ಭಾರ ಹೊರುತ್ತವೆ. ಇಂಗ್ಲೆಂಡಿನ ಮಳೆ, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು, ಇವು ಆ ತಗಡನ್ನು ಒಳಗಿನಿಂದ ತಿನ್ನುತ್ತವೆ. ಮುಂದೆ ಇಂಜಿನ್ ಹೊತ್ತಿರುವ ಕೊಳವೆಗಳ ಚೌಕಟ್ಟೂ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ತುಕ್ಕಿನ ಮೇಲೆ ಪುಟ್ಟಿ ತುಂಬಿ ಬಣ್ಣ ಹೊಡೆದರೆ ಕಾರು ಕನ್ನಡಿಯಂತೆ ಹೊಳೆಯುತ್ತದೆ. ಬಟ್ಟೆಯಲ್ಲಿ ಸುತ್ತಿದ ಚಿಕ್ಕ ಅಯಸ್ಕಾಂತವನ್ನು ಮೈಮೇಲೆ ಆಡಿಸಿ ನೋಡಿದರೆ ಉಕ್ಕಿದ್ದಲ್ಲಿ ಅದು ಅಂಟುತ್ತದೆ, ದಪ್ಪ ಪುಟ್ಟಿ ಇದ್ದಲ್ಲಿ ಜಾರುತ್ತದೆ. ಹಿಂದಿನ ಬ್ರೇಕುಗಳು ಚಕ್ರದ ಬಳಿ ಇಲ್ಲದೆ ಕಾರಿನ ನಡುವೆ ಇರುವುದರಿಂದ ಅವುಗಳ ದೊಡ್ಡ ರಿಪೇರಿಗೆ ಹಿಂಭಾಗದ ಚೌಕಟ್ಟನ್ನೇ ಕೆಳಗಿಳಿಸಬೇಕಾಗುತ್ತದೆ. ಇವನ್ನೆಲ್ಲ ಬಲ್ಲ, ಮಾರುವವರ ಕಡೆಯವರಲ್ಲದ ಒಬ್ಬ ಮೆಕ್ಯಾನಿಕ್‌ಗೆ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸುವುದು ಅತ್ಯಂತ ಲಾಭದ ಖರ್ಚು.

ಈಗ ಲೆಕ್ಕ ಹಾಕೋಣ. ಈ ಅಂಕಿಗಳು ಉದಾಹರಣೆಗಾಗಿ ಮಾತ್ರ. ಒಂದೇ ಬಗೆಯ, ದಾಖಲೆ ಸರಿಯಿರುವ, ಚೆನ್ನಾಗಿ ಓಡುವ ಮೂರು ಕಾರುಗಳು ಇತ್ತೀಚೆಗೆ 96, 100, 104ಕ್ಕೆ ಮಾರಾಟವಾಗಿವೆ ಎನ್ನಿ. ಹಾಗಾದರೆ ನಮ್ಮ ಆಧಾರ 100. ನಾವು ನೋಡುತ್ತಿರುವ ಕಾರಿಗೆ ಕೇಳುತ್ತಿರುವುದು 95. ಪರೀಕ್ಷೆ ಮಾಡಿಸಿದಾಗ ನೆಲ ಮತ್ತು ಪಟ್ಟಿಗಳ ತುಕ್ಕು ತೆಗೆದು ಹೊಸ ತಗಡು ಬೆಸೆಯಲು 22, ಹಿಂದಿನ ಬ್ರೇಕಿಗೆ 5, ಟೈರು ಮತ್ತು ವೈರಿಂಗಿಗೆ 3 ಬೇಕೆಂದು ತಿಳಿಯಿತು. ಇಂಜಿನ್ ಮೂಲದ್ದಲ್ಲ, ಅದಕ್ಕೆ ಮಾರುಕಟ್ಟೆ 8 ಕಡಿಮೆ ಮಾಡುತ್ತದೆ. ಒಟ್ಟು 38 ಕಳೆದರೆ ಉಳಿದದ್ದು 62. ಬಿಚ್ಚಿ ನೋಡಲಾಗದ ಭಾಗಗಳಲ್ಲಿ ಏನಿದೆಯೋ ತಿಳಿಯದು. ಆ ಅನುಮಾನಕ್ಕೆಂದು 5 ಹಿಡಿದುಕೊಂಡರೆ 57. ಅಂದರೆ 57ರಿಂದ 62ರೊಳಗೆ ನ್ಯಾಯವಾದ ಬೆಲೆ ಇದೆ.

ಆಗ ಮಾರುವವರು ಬಿಲ್ಲುಗಳ ಕಂತೆ ತೆಗೆದು, ‘ಇದಕ್ಕೆ ನಾನು ಈಗಾಗಲೇ 60 ಖರ್ಚು ಮಾಡಿದ್ದೇನೆ’ ಎನ್ನಬಹುದು. ಅವರ ಮಾತು ನಿಜವಿರಬಹುದು. ಆದರೆ ಖರ್ಚು ಬೇರೆ, ಬೆಲೆ ಬೇರೆ. ಬಿಲ್ಲು ಯಾವ ಕೆಲಸ ನಡೆದಿದೆ ಎಂಬುದಕ್ಕೆ ಪುರಾವೆ. ಆ ಕೆಲಸ ಕಾರಿನ ಬೆಲೆಯನ್ನು ಅಷ್ಟೇ ಏರಿಸಿದೆ ಎಂಬುದಕ್ಕೆ ಪುರಾವೆಯಲ್ಲ. ಹಾಳಾದ ಕಾರನ್ನು ಪೂರ್ತಿ ಸರಿಪಡಿಸುವ ಖರ್ಚು ಹಲವು ಸಲ ಸರಿಯಾದ ಕಾರಿನ ಬೆಲೆಯನ್ನೇ ಮೀರುತ್ತದೆ. ಇದೇ ಮಾತು ನಾಳೆ ನಿಮಗೂ ಅನ್ವಯಿಸುತ್ತದೆ. ಆದ್ದರಿಂದ ಅಗ್ಗವೆಂದು ಹಾಳಾದದ್ದನ್ನು ಕೊಳ್ಳುವ ಬದಲು, ಕೈಗೆಟಕುವ ಮಟ್ಟಿಗೆ ಒಳ್ಳೆಯದನ್ನೇ ಕೊಳ್ಳಿ ಎಂದು ಅನುಭವಿಗಳು ಹೇಳುತ್ತಾರೆ.

ಕೊಂಡ ಮೇಲಿನ ಖರ್ಚನ್ನೂ ಮರೆಯಬಾರದು. ನಮ್ಮ ದೇಶದಲ್ಲಿ 2021ರ ನಿಯಮದಂತೆ 50 ವರ್ಷ ಮೀರಿದ, ಮೂಲ ರೂಪದಲ್ಲೇ ಇರುವ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20 ಸಾವಿರ ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಅಂಥ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಮನಸ್ಸಿನ ಲಗಾಮು

ಬೆಲೆ ಕಟ್ಟಿದ್ದಾಯಿತು. ಅದರಂತೆ ನಡೆಯುವುದು ಇನ್ನೂ ಕಷ್ಟ. ಹರಾಜಿನಲ್ಲಿ ಹತ್ತು ಜನ ಹತ್ತು ಬಗೆಯಾಗಿ ಅಂದಾಜು ಮಾಡಿರುತ್ತಾರೆ. ಗೆಲ್ಲುವವರು ಯಾರು? ಎಲ್ಲರಿಗಿಂತ ಹೆಚ್ಚು ಅಂದಾಜು ಮಾಡಿದವರು. ಅಂದರೆ ಅತಿಯಾಗಿ ಅಂದಾಜು ಮಾಡಿದವರೇ ಗೆಲ್ಲುವ ಸಂಭವ ಹೆಚ್ಚು. ಎಣ್ಣೆ ನಿಕ್ಷೇಪಗಳ ಹರಾಜನ್ನು ಕುರಿತು 1971ರಲ್ಲಿ ಮೂವರು ಅಮೆರಿಕನ್ ಎಂಜಿನಿಯರುಗಳು ಇದನ್ನು ವಿವರಿಸಿದರು. ಮುಂದೆ ಇದಕ್ಕೆ ‘ಗೆದ್ದವನ ಶಾಪ’ ಎಂಬ ಹೆಸರು ನಿಂತಿತು. ಇದಕ್ಕೆ ಪರಿಹಾರ ಒಂದೇ. ಕಾರನ್ನು ಕಣ್ಣಾರೆ ನೋಡಿ ಮನಸೋಲುವ ಮೊದಲೇ ನಿಮ್ಮ ಮಿತಿಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಪರೀಕ್ಷೆಯಲ್ಲಿ ಹೊಸ ದೋಷ ಕಂಡರೆ ಅದನ್ನು ಇಳಿಸಿ. ಎದುರಿನವರು ಏರಿಸಿದರೆಂಬ ಕಾರಣಕ್ಕೆ ಏರಿಸಬೇಡಿ.

ಮಾರುಕಟ್ಟೆಯ ಉಬ್ಬರದ ಬಗ್ಗೆಯೂ ಎಚ್ಚರವಿರಲಿ. 1980ರ ದಶಕದ ಕೊನೆಯಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳ ಬೆಲೆ ನೋಡನೋಡುತ್ತಿದ್ದಂತೆ ಏರಿತು. ಕಾರನ್ನು ಪ್ರೀತಿಸದವರೂ ಲಾಭದ ಆಸೆಯಿಂದ, ಕೆಲವರು ಸಾಲ ಮಾಡಿಯೂ ಕೊಂಡರು. 1990ರ ನಂತರ ಆ ಬೆಲೆಗಳು ಕುಸಿದವು. ನಾಳೆ ಇನ್ನೂ ಏರುತ್ತದೆ ಎಂಬ ಭರವಸೆಗೆ ಇಂದು ಹಣ ತೆರುವುದು ಜೂಜು. ಅದನ್ನು ಬೆಲೆ ಕಟ್ಟುವುದು ಎನ್ನಲಾಗದು.

ಇನ್ನೊಂದು ಮಾತು. ಇಲ್ಲಿಯವರೆಗೆ ಮಾರುವವರಿಗೆ ಹೆಚ್ಚು ತಿಳಿದಿದೆ ಎಂದುಕೊಂಡೆವು. ಆದರೆ ಕೊಳ್ಳುವವರಿಗೇ ಹೆಚ್ಚು ತಿಳಿದಿದ್ದರೆ? ಗಂಡ ತೀರಿಕೊಂಡ ಮೇಲೆ ಒಬ್ಬ ಮುದುಕಿ ಶೆಡ್ಡಿನಲ್ಲಿ ಧೂಳು ತಿನ್ನುತ್ತಿರುವ ಕಾರನ್ನು ಗುಜರಿಯ ಬೆಲೆಗೆ ಕೊಡಲು ಸಿದ್ಧಳಿದ್ದಾಳೆ ಎನ್ನಿ. ನಿಮಗೆ ಅದರ ನಂಬರು ಓದಲು ಬರುತ್ತದೆ, ಆಕೆಗೆ ಬಾರದು. ಹತ್ತು ಸಾವಿರ ಕೊಟ್ಟು ತಂದರೆ ಕಾನೂನು ನಿಮ್ಮನ್ನು ಕೇಳದಿರಬಹುದು, ಗೆಳೆಯರು ಬೆನ್ನು ತಟ್ಟಬಹುದು. ಆದರೆ ನಾವು ಒಪ್ಪಿಕೊಂಡ ವ್ಯಾಖ್ಯೆಯ ಪ್ರಕಾರ ಅದು ನ್ಯಾಯವಾದ ಬೆಲೆಯೇ? ಇಬ್ಬರಿಗೂ ಸಮನಾದ ತಿಳಿವಳಿಕೆ ಇದ್ದಿದ್ದರೆ ಆಕೆ ಒಪ್ಪುತ್ತಿದ್ದಳೇ? ಮೋಸ ಹೋಗಬಾರದೆಂದು ಕಲಿತ ವಿದ್ಯೆ ಮೋಸ ಮಾಡಲು ಬಳಕೆಯಾಗಬಾರದು. ನಮ್ಮ ಲೆಕ್ಕದ ಕಾಗದವನ್ನು ಎದುರಿನವರ ಮುಂದೆ ತೆರೆದಿಟ್ಟು, ‘ಇದಕ್ಕೆ ಇಷ್ಟು, ಈ ಕಾರಣಕ್ಕೆ ಇಷ್ಟು ಕಡಿಮೆ’ ಎಂದು ಹೇಳಲು ಸಂಕೋಚವಾಗದಿದ್ದರೆ ಆ ಬೆಲೆ ನ್ಯಾಯವಾದದ್ದು ಎಂದು ತಿಳಿಯಬಹುದು.

ವಿದ್ಯಾರ್ಥಿ ಮಿತ್ರರೇ, ಈ ವಾರ ಒಂದು ಚಿಕ್ಕ ಅಭ್ಯಾಸ ಮಾಡಿ. ನಿಮ್ಮ ಮನೆಯ ಅಥವಾ ನೆರೆಮನೆಯ ಹಳೆಯ ಸೈಕಲ್ಲೊಂದನ್ನು ಆರಿಸಿಕೊಳ್ಳಿ. ಅಂಥದ್ದೇ ಸೈಕಲ್ ನಿಮ್ಮೂರಿನಲ್ಲಿ ನಿಜವಾಗಿ ಎಷ್ಟಕ್ಕೆ ಮಾರಾಟವಾಗಿದೆ ಎಂದು ಮೂರು ಕಡೆ ವಿಚಾರಿಸಿ. ದೋಷಗಳನ್ನು ಪಟ್ಟಿ ಮಾಡಿ, ರಿಪೇರಿ ಅಂಗಡಿಯಲ್ಲಿ ಒಂದೊಂದರ ಖರ್ಚು ಕೇಳಿ ಕಳೆಯಿರಿ. ನಿಮ್ಮ ಗೆಳೆಯರೊಬ್ಬರು ಮಾರುವವರ ಕಡೆಯಿಂದ ಅದೇ ಲೆಕ್ಕ ಹಾಕಲಿ. ಆಮೇಲೆ ಎರಡು ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರ ನಡುವಿನ ಅಂತರ ಎಲ್ಲಿ ಹುಟ್ಟಿತು ಎಂದು ಹುಡುಕಿದರೆ, ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ ಯಾವುದೋ ಒಂದು ಸಂಗತಿ ಅಲ್ಲಿ ಸಿಕ್ಕೀತು.